ಡಂಗುರವಿಲ್ಲದ ಡ್ರೋನ್

ಗಂಗಾವತಿ ಸೀಮೆಯಲ್ಲಿ ಡ್ರೋನ್ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಕ್ಯಾಮೆರಾ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರು ಲಕ್ಷಾಂತರ ತಲೆಗಳ ನಡುವೆ ಸಾಗಿಬರುವ ದೃಶ್ಯ ಪ್ರತಿ ವರ್ಷ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಅಂಜನಾದ್ರಿಯ ಮೆಟ್ಟಿಲ ಸಾಲು, ಆನೆಗೊಂದಿಯ ಬಂಡೆಗಳ ಸಂದಿಯ ಹಸಿರು ಗದ್ದೆ, ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಬೃಹತ್ ಶಿಲಾಯುಗದ ಕಲ್ಲುಮನೆಗಳು, ಎಲ್ಲವೂ ಹೊರಗಿನವರಿಗೆ ಈಗ ಮೇಲಿನಿಂದಲೇ ಪರಿಚಯ. ಹೇಮಗುಡ್ಡದ ಕೋಟೆ ಕಟ್ಟಿದವರು ಕಲ್ಲು ಹೊತ್ತು ಗುಡ್ಡ ಹತ್ತಿದ್ದೂ ಇಂಥ ಒಂದು ನೋಟಕ್ಕಾಗಿಯೇ. ಬರುತ್ತಿರುವವರು ಯಾರೆಂದು ದೂರದಿಂದಲೇ ತಿಳಿಯಬೇಕಿತ್ತು. ಕುಮ್ಮಟದುರ್ಗದಿಂದ ಕೊಪ್ಪಳದ ಕೋಟೆಯವರೆಗೆ ಇಲ್ಲಿನ ಎತ್ತರಗಳೆಲ್ಲ ಆಳುವವರ ಕೈಯಲ್ಲಿದ್ದವು. ಆ ಎತ್ತರ ಈಗ ಮದುವೆ ಫೋಟೊ ತೆಗೆಯುವ ಹುಡುಗನ ಬ್ಯಾಗಿನೊಳಗೆ ಮಡಚಿಕೊಂಡು ಕೂತಿರುತ್ತದೆ.

ಸರ್ಕಾರಕ್ಕೆ, ಪೊಲೀಸರಿಗೆ, ಪತ್ರಿಕೆಗಳಿಗೆ ಡ್ರೋನಿನ ಬಗ್ಗೆ ಇರುವ ಆತಂಕವೂ ಬಹುಪಾಲು ಈ ಕ್ಯಾಮೆರಾದ ಸುತ್ತಲೇ. ಆದರೆ ಈ ಸೀಮೆಯ ಜನರ ಮೈ, ಕುಡಿಯುವ ನೀರು, ಕೂಲಿ, ಪಕ್ಕದ ಹೊಲದ ಬೆಳೆ ಇವಕ್ಕೆಲ್ಲ ನೇರ ಸಂಬಂಧವಿರುವ ಡ್ರೋನ್ ಬೇರೊಂದಿದೆ. ಅದು ಹತ್ತು ಲೀಟರ್ ಔಷಧಿ ಹೊತ್ತು ಭತ್ತದ ಪೈರಿನಿಂದ ಎರಡು–ಮೂರು ಮೀಟರ್ ಮೇಲೆ ಹಾರುತ್ತದೆ. ಅದು ಎಲ್ಲಿ ಹಾರಬೇಕು, ಯಾರು ಹಾರಿಸಬೇಕು ಎಂಬುದಕ್ಕೆ ಬೇಕಾದಷ್ಟು ನಿಯಮಗಳಿವೆ. ಅದರಿಂದ ಕೆಳಗೆ ಬೀಳುವುದರ ಬಗ್ಗೆಯೂ ಒಂದು ನಿಯಮವಿದೆ, ಐವತ್ತು ವರ್ಷಕ್ಕೂ ಹಳೆಯದು. ಕಡತದಲ್ಲಿ ಮಲಗಿರುವ ಅದನ್ನು ಎಬ್ಬಿಸದೆ ಈ ಯಂತ್ರವನ್ನು ಗದ್ದೆಗೆ ಇಳಿಸುವುದು ತಪ್ಪು ಎಂದು ನನ್ನ ವಾದ.

ಮೊದಲು ಹಾರಾಟದ ನಿಯಮ ನೋಡೋಣ. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಖಾಸಗಿಯವರು ಡ್ರೋನ್ ಹಾರಿಸುವುದನ್ನೇ ತಡೆದಿತ್ತು. 2018ರ ಡಿಸೆಂಬರ್ 1ರಿಂದ ಷರತ್ತುಗಳ ಮೇಲೆ ಬಾಗಿಲು ತೆರೆಯಿತು. 2021ರ ಮಾರ್ಚಿನಲ್ಲಿ ಬಂದ ನಿಯಮಾವಳಿ ಎಷ್ಟು ಬಿಗಿಯಾಗಿತ್ತೆಂದರೆ ಆರು ತಿಂಗಳೊಳಗೆ ಸರ್ಕಾರವೇ ಅದನ್ನು ಬದಿಗೊತ್ತಿ, ಅದೇ ವರ್ಷದ ಆಗಸ್ಟ್ 25ರಂದು ಈಗಿನ ಡ್ರೋನ್ ನಿಯಮಗಳನ್ನು ಹೊರಡಿಸಿತು. ಇವುಗಳ ಪ್ರಕಾರ 250 ಗ್ರಾಂ ತೂಕದವರೆಗಿನದು ನ್ಯಾನೊ, 2 ಕಿಲೊವರೆಗೆ ಮೈಕ್ರೊ, 25 ಕಿಲೊವರೆಗೆ ಸ್ಮಾಲ್. ಅದರಾಚೆ ಮೀಡಿಯಂ, ಲಾರ್ಜ್. ಆಕಾಶಕ್ಕೆ ಮೂರು ಬಣ್ಣ. ವಿಮಾನ ನಿಲ್ದಾಣದ ಗಡಿಯಿಂದ 5 ಕಿ.ಮೀ. ಒಳಗೆ ಕೆಂಪು, ಅಲ್ಲಿಂದ 8 ಕಿ.ಮೀ. ವರೆಗೆ ಹಳದಿ. 8ರಿಂದ 12 ಕಿ.ಮೀ. ನಡುವೆ 200 ಅಡಿಯವರೆಗೆ ಹಸಿರು, ಅದರ ಮೇಲೆ ಹಳದಿ. ಬೇರೆಡೆ 400 ಅಡಿಯವರೆಗೆ, ಅಂದರೆ 120 ಮೀಟರ್ ತನಕ, ಹಸಿರು. ಹಸಿರಿನಲ್ಲಿ ಯಾರನ್ನೂ ಕೇಳಬೇಕಿಲ್ಲ; ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು; ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದು. ಯಾವ ಊರು ಯಾವ ಬಣ್ಣದಲ್ಲಿದೆ ಎಂಬುದು ಡಿಜಿಟಲ್ ಸ್ಕೈ ನಕ್ಷೆಯಲ್ಲಿದೆ, ಮೊಬೈಲಿನಲ್ಲೇ ನೋಡಬಹುದು. ತುಂಗಭದ್ರಾ ಅಣೆಕಟ್ಟಿನಂಥ ಜಾಗ ಹತ್ತಿರವಿರುವ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ನೋಡದೆ ಹಾರಿಸುವುದು ಜಾಣತನವಲ್ಲ.

ಬಾಡಿಗೆಗೆ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಕಡ್ಡಾಯ. ಹದಿನೆಂಟು ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. ಮೊದಲು ಇದಕ್ಕೆ ಪಾಸ್‌ಪೋರ್ಟ್ ಕೇಳುತ್ತಿದ್ದರು. ವಿಮಾನ ಹತ್ತುವ ಯೋಚನೆಯೇ ಇಲ್ಲದ ಹಳ್ಳಿಯ ಹುಡುಗನಿಗೆ ಪಾಸ್‌ಪೋರ್ಟ್ ಯಾಕೆ ಎಂದು ದಿಲ್ಲಿಗೆ ಹೊಳೆಯಲು 2023ರ ಸೆಪ್ಟೆಂಬರ್ ಬರಬೇಕಾಯಿತು. ಪ್ರತಿ ಡ್ರೋನಿಗೂ ನೋಂದಣಿ ಸಂಖ್ಯೆ ಇರಬೇಕು. ನ್ಯಾನೊ ಬಿಟ್ಟು ಉಳಿದೆಲ್ಲಕ್ಕೂ ಥರ್ಡ್ ಪಾರ್ಟಿ ವಿಮೆ ಇರಬೇಕು, ಅದೂ ಮೋಟಾರು ವಾಹನ ಕಾಯ್ದೆಯ ಮಾದರಿಯಲ್ಲೇ. ನಿಯಮ ಮುರಿದರೆ ಲಕ್ಷ ರೂಪಾಯಿವರೆಗೆ ದಂಡ.

ಕ್ಯಾಮೆರಾ ಡ್ರೋನಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಅದಕ್ಕೆ ಈ ನಿಯಮಗಳು ಬಹುಮಟ್ಟಿಗೆ ಸಾಕು, ಪಾಲಿಸಿದರೆ. ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿ ಒಂದು ಜಾಗವನ್ನು 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ನವರಾತ್ರಿಯಲ್ಲಿ ಹೇಮಗುಡ್ಡದ ದುರ್ಗಾಪರಮೇಶ್ವರಿಯ ಜಂಬೂ ಸವಾರಿ ನಡೆಯುವಾಗ ಈ ಅಧಿಕಾರ ಬಳಸಿದರೆ ತಪ್ಪೇನಿಲ್ಲ ಎಂದು ನನಗನ್ನಿಸುತ್ತದೆ. ಆನೆಗೆ ಜೇನಿನ ಝೇಂಕಾರ ಕಂಡರಾಗದು; ಆಫ್ರಿಕಾದಲ್ಲಿ ಬೆಳೆಗೆ ನುಗ್ಗುವ ಆನೆಗಳನ್ನು ಓಡಿಸಲು ಡ್ರೋನನ್ನೇ ಹಾರಿಸಿದ್ದಾರೆ. ಅಲ್ಲಿ ಓಡಿಸಲು ಬಳಸಿದ್ದನ್ನು ಇಲ್ಲಿ ಜನಜಂಗುಳಿಯ ನಡುವೆ ನಿಂತ ಆನೆಯ ತಲೆಯ ಮೇಲೆ ಚಂದದ ಚಿತ್ರಕ್ಕಾಗಿ ಹಾರಿಸುವುದು ಅಪಾಯಕ್ಕೆ ಆಹ್ವಾನ. ಇಲ್ಲಿನ ಬಂಡೆಗಳಿಗೆ ಜೋತುಬಿದ್ದ ಹೆಜ್ಜೇನಿಗೂ ಇದೇ ಮಾತು ಅನ್ವಯ. ಇನ್ನು ಖಾಸಗಿತನ. ಅದು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಅದಾಗಿ ನಾಲ್ಕು ವರ್ಷ ಒಂದು ದಿನಕ್ಕೆ ಬಂದ ಡ್ರೋನ್ ನಿಯಮಗಳಲ್ಲಿ, ಹೊಳೆದಂಡೆಯಲ್ಲಿ ಸ್ನಾನ ಮಾಡುವ ಹೆಂಗಸರ ತಲೆಯ ಮೇಲೆ ಕ್ಯಾಮೆರಾ ನಿಲ್ಲಬಾರದು ಎಂಬರ್ಥದ ಮಾತು ಹುಡುಕಿದರೂ ಸಿಗುವುದಿಲ್ಲ. ಅದಕ್ಕೆ ಬೇರೆ ಕಾನೂನುಗಳ ಮೊರೆ ಹೋಗಬೇಕು. ಇದು ಕೊರತೆ ಹೌದು, ಆದರೂ ಜನರ ಕಣ್ಣಿಗೆ ಬಿದ್ದಿರುವ ಕೊರತೆ. ಗಲಾಟೆಯಾಗುತ್ತದೆ, ದೂರು ಹೋಗುತ್ತದೆ.

ಈಗ ಗದ್ದೆಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯುವ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತಕ್ಕೆ ಔಷಧಿ ಹೊಡೆಯುವುದು ಸಣ್ಣ ಕೆಲಸವಲ್ಲ. ‘ಎಣ್ಣಿ ಹೊಡಿಯೋದು’ ಎಂದೇ ಜನ ಕರೆಯುವ ಈ ಕೆಲಸಕ್ಕೆ ಮೊಣಕಾಲುದ್ದ ಕೆಸರಿನಲ್ಲಿ ಹದಿನಾರು ಲೀಟರಿನ ಪಂಪ್ ಹೊತ್ತು ನಡೆಯಬೇಕು, ಇಲ್ಲವೇ ಪವರ್ ಸ್ಪ್ರೇಯರಿನ ಪೈಪನ್ನು ಮೂರು ನಾಲ್ಕು ಜನ ಸೇರಿ ಎಳೆದಾಡಬೇಕು. ಎಕರೆಗೆ ನೂರೈವತ್ತು, ಇನ್ನೂರು ಲೀಟರ್ ನೀರು. ತೆನೆ ಹಾಲು ತುಂಬುವ ಹೊತ್ತಿಗೆ ಪೈರು ಎದೆಮಟ್ಟ ಬೆಳೆದಿರುತ್ತದೆ, ಕೆಳಗೆ ಹಾವು ಬೇರೆ. ಹೊಡೆದವನ ಮೈ, ಮುಖ, ಅಂಗಿ ಎಲ್ಲ ಔಷಧಿಯಲ್ಲಿ ತೊಯ್ದಿರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ವಿಷವೇರಿ ಸತ್ತರು. ಡ್ರೋನ್ ಬೇಡ ಎನ್ನುವವರು ಆ ಸಾವುಗಳಿಗೆ ಮೊದಲು ಉತ್ತರ ಕೊಡಬೇಕು. ನಾನು ಬೇಡ ಎನ್ನುವವರ ಸಾಲಿನವನಲ್ಲ.

ಡ್ರೋನ್ ಬರುವ ರೀತಿಯೇ ಬೇರೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಒಂದು ಪಿಕಪ್ ಗಾಡಿ ಕಾಲುವೆ ರಸ್ತೆಯ ಮೇಲೆ ನಿಲ್ಲುತ್ತದೆ. ಇಬ್ಬರು ಹುಡುಗರು, ಒಂದು ಜನರೇಟರ್, ನಾಲ್ಕೈದು ಜೊತೆ ಬ್ಯಾಟರಿ, ನೀರಿನ ಕ್ಯಾನು. ಆರು ತೋಳುಗಳನ್ನು ಬಿಡಿಸಿ ಬಿಗಿ ಮಾಡಿ, ಒಬ್ಬ ರಿಮೋಟ್ ಹಿಡಿದು ಬದುವಿನ ಮೂಲೆಗಳನ್ನು ನಕ್ಷೆಯಲ್ಲಿ ಗುರುತಿಸುತ್ತಾನೆ. ಇನ್ನೊಬ್ಬ ಬಕೆಟಿನಲ್ಲಿ ಔಷಧಿ ಬೆರೆಸುತ್ತಾನೆ, ಬಹಳ ಸಲ ಬರಿಗೈಯಲ್ಲಿ, ಸಿಕ್ಕಿದ ಕೋಲಿನಿಂದ. ಮೇಲೆದ್ದ ಯಂತ್ರ ತಾನೇ ಸಾಲು ಹಿಡಿದು ಹೋಗಿ ಬರುತ್ತದೆ. ಅದರ ಗಾಳಿಗೆ ಪೈರು ತಲೆಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಎಲ್ಲಿ ಔಷಧಿ ಮುಗಿಯಿತೋ ಆ ಜಾಗ ನೆನಪಿಟ್ಟುಕೊಂಡು ವಾಪಸ್ ಬಂದು, ತುಂಬಿಸಿದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ‘ಹತ್ತು ನಿಮಿಷದಾಗ ಎಕರೆ ಮುಗಿತೈತಿ ನೋಡ್ರಿ’ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಕೆಸರಿಗೆ ಕಾಲಿಡುವವರಿಲ್ಲ, ಪೈರು ತುಳಿಯುವವರಿಲ್ಲ. ಕೂಲಿ ಸಿಗದೆ ಒದ್ದಾಡುವ ಕಾಲದಲ್ಲಿ ಇದು ರೈತನಿಗೆ ಬೇಡವಾಗಲು ಸಾಧ್ಯವೇ?

ತೊಡಕಿರುವುದು ಆ ಹತ್ತು ಲೀಟರಿನಲ್ಲಿ. ಪಂಪಿನಲ್ಲಿ ಎಕರೆಗೆ ಇನ್ನೂರು ಲೀಟರ್ ನೀರಿಗೆ ಬೆರೆಸುತ್ತಿದ್ದ ಅದೇ ಔಷಧಿಯ ಅದೇ ಪ್ರಮಾಣ ಈಗ ಹತ್ತು ಲೀಟರಿನಲ್ಲಿದೆ. ಅಂದರೆ ಪ್ರತಿ ಹನಿ ಇಪ್ಪತ್ತು ಪಟ್ಟು ಗಟ್ಟಿ. ಇಷ್ಟು ಕಡಿಮೆ ನೀರಿನಲ್ಲಿ ಇಡೀ ಎಕರೆ ಮುಚ್ಚಬೇಕಾದರೆ ಹನಿಯೂ ಸಣ್ಣದಾಗಬೇಕು. ಸಣ್ಣ ಹನಿ ಗಾಳಿಗೆ ಸಿಕ್ಕರೆ ದೂರ ಹೋಗುತ್ತದೆ. ಹನಿ ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದು ನಾಜಲ್, ಎತ್ತರ, ವೇಗ, ಗಾಳಿ ಈ ನಾಲ್ಕರ ಮೇಲೆ ನಿಂತ ಲೆಕ್ಕ. ನಾಲ್ಕನ್ನೂ ಸರಿಯಾಗಿಟ್ಟುಕೊಂಡರೆ ಡ್ರೋನ್ ಅಚ್ಚುಕಟ್ಟಾದ ಯಂತ್ರ. ದಿನಕ್ಕೆ ಇಪ್ಪತ್ತು ಎಕರೆ ಮುಗಿಸಿದರೆ ಮಾತ್ರ ಲಾಭ ಎನ್ನುವ ಹುಡುಗ, ಹತ್ತು ಗಂಟೆಗೆ ಗಾಳಿ ಎದ್ದಿತೆಂದು ಯಂತ್ರ ಮಡಚಿಡುತ್ತಾನೆಯೇ ಎಂಬುದು ಬೇರೆ ಮಾತು.

ಯಾವ ಕಾಟಕ್ಕೆ ಡ್ರೋನ್ ಎಂಬುದೂ ಇದೆ. ಬೆಂಕಿ ರೋಗ ಎಲೆಗೆ, ತೆನೆಯ ಕತ್ತಿಗೆ ಬರುವಂಥದು. ಮೇಲಿನಿಂದ ಬೀಳುವ ಸಣ್ಣ ಹನಿ ಅದಕ್ಕೆ ಚೆನ್ನಾಗಿ ಒದಗುತ್ತದೆ. ಆದರೆ ಗಂಗಾವತಿಯ ರೈತನನ್ನು ನಿದ್ದೆಗೆಡಿಸುವ ಕಂದು ಜಿಗಿಹುಳು ಇರುವುದು ಬುಡದಲ್ಲಿ, ನೀರಿನ ಮಟ್ಟದ ಸ್ವಲ್ಪ ಮೇಲೆ. ಗದ್ದೆಯ ನೀರು ಬಸಿದು, ಸಾಲು ಬಿಡಿಸಿ, ಬುಡಕ್ಕೆ ತಾಗುವಂತೆ ಹೊಡೆಯಿರಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತ ಬಂದಿರುವುದು ಅದಕ್ಕೇ. ಪೈರು ಒತ್ತಾಗಿ ಕೂಡಿಕೊಂಡ ಮೇಲೆ ಎಕರೆಗೆ ಹತ್ತು ಲೀಟರ್ ಮೇಲಿನಿಂದ ಸುರಿದರೆ ಬುಡಕ್ಕೆ ಎಷ್ಟು ಇಳಿದೀತು? ಹುಳು ಸಾಯಲಿಲ್ಲವೆಂದು ವಾರದೊಳಗೆ ಮತ್ತೊಮ್ಮೆ ಹೊಡೆಸುತ್ತಾರೆ. ಕೂಲಿಯ ಕಷ್ಟವಿಲ್ಲ, ಹತ್ತು ನಿಮಿಷದ ಕೆಲಸ. ಸುಲಭವಾದಷ್ಟೂ ಸಲ ಹೆಚ್ಚುತ್ತದೆ. ಡ್ರೋನಿನಿಂದ ಔಷಧಿ ಉಳಿಯುತ್ತದೆ ಎಂಬ ಜಾಹೀರಾತಿನ ಲೆಕ್ಕದಲ್ಲಿ ಈ ಎರಡನೇ ಸಲದ ಲೆಕ್ಕ ಸೇರಿರುವುದಿಲ್ಲ.

2022ರಲ್ಲಿ ಕೇಂದ್ರ ಸರ್ಕಾರ, ಮೊದಲೇ ನೋಂದಣಿಯಾಗಿದ್ದ 477 ಕೃಷಿ ಔಷಧಿಗಳನ್ನು ಡ್ರೋನಿನಿಂದ ಹೊಡೆಯಲು ಎರಡು ವರ್ಷಕ್ಕೆಂದು ಮಧ್ಯಂತರ ಒಪ್ಪಿಗೆ ಕೊಟ್ಟಿತು. ಅವು ಹೊಸ ಔಷಧಿಗಳಲ್ಲ ನಿಜ. ಆದರೆ ಅವುಗಳನ್ನು ಪರೀಕ್ಷಿಸಿದ್ದು ಪಂಪಿನ ನೀರಿನ ಲೆಕ್ಕದಲ್ಲಿ. ಔಷಧಿ ಗಾಳಿಗೆ ಸಿಕ್ಕಿ ಪಕ್ಕದ ಹೊಲಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕಳೆನಾಶಕವನ್ನೇ ತೆಗೆದುಕೊಳ್ಳಿ. ಭತ್ತದಲ್ಲಿ ಬಳಸುವ 2,4–ಡಿ ಹತ್ತಿಯ ಗಿಡಕ್ಕೆ ಆಗದು. ಒಂದಿಷ್ಟು ಆವಿ ತಾಗಿದರೂ ಎಲೆ ಮುರುಟುತ್ತದೆ. ಹಿಪ್ಪುನೇರಳೆ ಸೊಪ್ಪಿಗೆ ಕೀಟನಾಶಕದ ಸೋಂಕು ತಾಗಿದರೆ ರೇಷ್ಮೆ ಹುಳು ಬದುಕುವುದಿಲ್ಲ. ಒಂದು ಬೆಳೆ ಪೂರ್ತಿ ಹೋಗುತ್ತದೆ. ಕಾಲುವೆಯ ಅಂಚಿನಲ್ಲಿ ಭತ್ತ, ಸ್ವಲ್ಪ ಏರಿನಲ್ಲಿ ಹತ್ತಿ, ಮೆಕ್ಕೆಜೋಳ, ಅದರ ಮೇಲೆ ಗುಡ್ಡ, ಹೀಗಿದೆ ಹೇಮಗುಡ್ಡದ ಸುತ್ತಲಿನ ನೆಲ. ಕುಷ್ಟಗಿ, ಯಲಬುರ್ಗಾದ ಕಡೆ ಹೋದರೆ ದಾಳಿಂಬೆ. ಅಲ್ಲಿ ಜೇನುಹುಳ ಬೇಕು. ಸಾವಿರ ಎಕರೆ ಒಂದೇ ಬೆಳೆ, ಒಬ್ಬನೇ ಒಡೆಯ ಎನ್ನುವಂಥ ದೇಶಗಳ ಹೊಲವಲ್ಲ ಇದು. ಇಲ್ಲಿ ಎರಡೆಕರೆಗೊಮ್ಮೆ ಬದು, ಬದುವಿಗೊಬ್ಬ ನೆರೆಯವ. ಆ ಬದುವಿನ ಮೇಲೇ ಎಮ್ಮೆ ಮೇಯುತ್ತಿರುತ್ತದೆ, ಆಚೆ ಗದ್ದೆಯಲ್ಲಿ ಹತ್ತು ಹೆಂಗಸರು ಕಳೆ ಕೀಳುತ್ತಿರುತ್ತಾರೆ.

‘ಪಂಪಿನಿಂದಲೂ ಪಕ್ಕದ ಹೊಲಕ್ಕೆ ಹಾರುತ್ತಿತ್ತಲ್ಲ, ಡ್ರೋನಿಗೆ ಮಾತ್ರ ಯಾಕೆ ಈ ತಕರಾರು’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಂಪ್ ಹೊತ್ತವನು ತನ್ನ ಮೋಡದೊಳಗೇ ನಡೆಯುತ್ತಾನೆ. ಗಾಳಿ ತಿರುಗಿದರೆ ಮೊದಲು ಬೀಳುವುದು ಅವನ ಮುಖಕ್ಕೆ. ಕಣ್ಣು ಉರಿಯುತ್ತದೆ, ಆತ ನಿಲ್ಲಿಸುತ್ತಾನೆ ಅಥವಾ ದಿಕ್ಕು ಬದಲಿಸುತ್ತಾನೆ. ಅವನ ಮೈಯೇ ಗಾಳಿಯ ಎಚ್ಚರಿಕೆಯ ಗಂಟೆಯಾಗಿತ್ತು. ಕ್ರೂರವಾದ ವ್ಯವಸ್ಥೆ, ಹೋಗಬೇಕಾದದ್ದೇ. ಆದರೆ ಅದು ಹೋದ ಮೇಲೆ ಆ ಗಂಟೆಯ ಜಾಗದಲ್ಲಿ ಬೇರೇನನ್ನೂ ಇಟ್ಟಿಲ್ಲ. ಡ್ರೋನಿನ ಪೈಲಟ್ ರಸ್ತೆಯ ಮೇಲೆ, ಗಾಳಿ ಬರುವ ದಿಕ್ಕಿನಲ್ಲಿ, ನೆರಳಿನಲ್ಲಿ ನಿಂತಿರುತ್ತಾನೆ. ಗಾಳಿ ತಿರುಗಿದ್ದು ಅವನಿಗೆ ಗೊತ್ತಾಗದೆಯೂ ಹೋಗಬಹುದು. ಗೊತ್ತಾಗುವುದು ಆಚೆ ಗದ್ದೆಯ ಹೆಂಗಸರಿಗೆ. ಯಂತ್ರ ಒಬ್ಬನ ಮೈಮೇಲಿನ ಅಪಾಯವನ್ನು ತೆಗೆದು, ಕೇಳದೆ, ಇನ್ನೊಬ್ಬರ ಮೇಲೆ ಇಟ್ಟಿದೆ.

ಮೇಲಿನಿಂದ ವಿಷ ಸುರಿದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಯಾರೂ ಹೊರಗಿನಿಂದ ಹೇಳಿಕೊಡಬೇಕಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಗೇರು ತೋಟಗಳಲ್ಲೂ ಅದೇ ನಡೆಯಿತು. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಊರಿನಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ದಾಖಲಿಸುತ್ತ ಹೋದರು. ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆದದ್ದು 2011ರಲ್ಲಿ. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರಲ್ಲಿ. ಡ್ರೋನ್ ಹೆಲಿಕಾಪ್ಟರ್ ಅಲ್ಲ. ಗದ್ದೆಯಲ್ಲಿ ಹೊಡೆಯುವುದು ಎಂಡೋಸಲ್ಫಾನೂ ಅಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿ ಗಮನಿಸಬೇಕಾದದ್ದು ಒಂದಿದೆ. ಆಗಲೂ ನಿಯಮ ಇರಲಿಲ್ಲವೆಂದಲ್ಲ, ಇತ್ತು.

ಕೀಟನಾಶಕ ಕಾಯ್ದೆ 1968ರದು; ಅದರಡಿ 1971ರಲ್ಲಿ ಬಂದ ನಿಯಮಗಳಲ್ಲಿ 43ನೆಯದು ಆಕಾಶದಿಂದ ಔಷಧಿ ಸಿಂಪಡಿಸುವುದಕ್ಕೇ ಮೀಸಲು. ಸಿಂಪಡಿಸುವ ಜಾಗದ ಗಡಿ ಗುರುತು ಮಾಡುವುದು ಸಿಂಪಡಿಸುವವನ ಹೊಣೆ. ಒಪ್ಪಿಗೆ ಪಡೆದ ಔಷಧಿಯನ್ನು, ಒಪ್ಪಿಗೆಯಿರುವ ಸಾಂದ್ರತೆಯಲ್ಲಿ, ಒಪ್ಪಿಗೆಯಿರುವ ಎತ್ತರದಿಂದಲೇ ಬಿಡಬೇಕು. ತೊಳೆಯಲು, ಪ್ರಥಮ ಚಿಕಿತ್ಸೆಗೆ ವ್ಯವಸ್ಥೆ ಇರಬೇಕು. ಸಂಬಂಧವಿಲ್ಲದ ಜನ, ದನ ನಿಗದಿತ ಕಾಲದವರೆಗೆ ಅಲ್ಲಿಗೆ ಹೋಗದಂತೆ ತಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕನಿಷ್ಠ 24 ಗಂಟೆ ಮೊದಲು ಸಂಬಂಧಪಟ್ಟ ಅಧಿಕಾರಿಗಳ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕು. ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ ಡಂಗುರ ಸಾರಬೇಕು. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಗೆಂದೇ ಕಾರ್ಯವಿಧಾನ ಹೊರಡಿಸಿದಾಗಲೂ ಮುನ್ಸೂಚನೆಯ ಮಾತು ಬಂತು. ಕಾರಟಗಿಯ, ಗಂಗಾವತಿಯ ಯಾವುದಾದರೂ ಊರಿನಲ್ಲಿ ‘ನಾಳೆ ಮುಂಜಾನೆ ಇಂಥ ಗದ್ದೆಗೆ ಡ್ರೋನ್ ಬರುತ್ತದೆ, ದನ ಬಿಡಬೇಡಿ’ ಎಂದು ಸಾರಿದ್ದನ್ನು ಕೇಳಿದವರಿದ್ದರೆ ಕೈ ಎತ್ತಲಿ.

ಕಾಗದದ ನಿಯಮ ನೆಲಕ್ಕಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಕಾಲುವೆಯ ಇತಿಹಾಸವೇ ಸಾಕ್ಷಿ. ಎಡದಂಡೆ ಕಾಲುವೆ ಮಾಡಿದ್ದು ಮುಖ್ಯವಾಗಿ ಬರ ತಡೆಯಲು, ಲಘು ನೀರಿನ ಬೆಳೆಗಳಿಗೆ. ಯಾವ ಸರ್ವೆ ನಂಬರಿಗೆ ಭತ್ತ, ಯಾವುದಕ್ಕೆ ಜೋಳ–ಹತ್ತಿ ಎಂದು ಬರೆದಿಟ್ಟಿದ್ದರು. ಮೇಲ್ಭಾಗದವರು ಎಲ್ಲೆಡೆ ಭತ್ತ ಹಾಕಿದರು. ಕೊನೆಯ ಭಾಗದ ಮಾನ್ವಿ, ರಾಯಚೂರಿನ ಕಡೆಯ ರೈತ ಪ್ರತಿ ವರ್ಷ ನೀರಿಗಾಗಿ ರಸ್ತೆಗೆ ಬರುತ್ತಾನೆ. ಮೇಲಿನ ಗದ್ದೆಯ ಬಸಿನೀರು ಕೆಳಗಿನ ಹೊಲಕ್ಕಿಳಿದು ಸಾವಿರಾರು ಎಕರೆ ಸವಳು–ಜವಳಾಯಿತು. ಆ ಸವಳು ನೆಲದ ಸಂಶೋಧನೆಗೆ ಗಂಗಾವತಿಯಲ್ಲೇ ಕೃಷಿ ಸಂಶೋಧನಾ ಕೇಂದ್ರ ಕೆಲಸ ಮಾಡುತ್ತಿದೆ. ಒಬ್ಬನ ಬೆಳೆಯ ಲಾಭ, ಪಕ್ಕದವನ ನೆಲದ ನಷ್ಟ; ಲೆಕ್ಕ ಕೇಳುವವರಿಲ್ಲ. ನೀರಿನಲ್ಲಿ ಆದದ್ದು ಗಾಳಿಯಲ್ಲಿ ಆಗಲಿಕ್ಕಿಲ್ಲ ಎಂದುಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಆದರೆ ಇದೇ ಡ್ರೋನ್ ಇದೇ ಹಳ್ಳಿಗಳಲ್ಲಿ ನೆಲದ ನಿಯಮಕ್ಕೆ ತಲೆಬಾಗಿ ಕೆಲಸ ಮಾಡಿದ ಉದಾಹರಣೆಯೂ ಇದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಗೆ ಮೊದಲ ಹಂತದಲ್ಲೇ ಸೇರಿದ ರಾಜ್ಯಗಳಲ್ಲಿ ಕರ್ನಾಟಕ ಒಂದು. ಗ್ರಾಮಠಾಣಾದ ಮನೆ, ಹಿತ್ತಿಲುಗಳನ್ನು ಡ್ರೋನಿನಿಂದ ಅಳೆದು ಆಸ್ತಿ ಪತ್ರ ಕೊಡುವ ಯೋಜನೆ ಅದು. ಡ್ರೋನ್ ಏಳುವ ಮೊದಲು ಊರಿಗೆ ಭೂಮಾಪಕರು ಬರಬೇಕು, ಗ್ರಾಮಸಭೆಯಲ್ಲಿ ಹೇಳಬೇಕು, ಆಮೇಲೆ ಪ್ರತಿ ಮನೆಯ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಆ ಬಿಳಿ ಗೆರೆ ಇಲ್ಲದಿದ್ದರೆ ಮೇಲಿನ ಕ್ಯಾಮೆರಾಕ್ಕೆ ಚಾವಣಿಗಳು ಕಂಡಾವು, ಯಾರ ಹಿತ್ತಿಲು ಎಲ್ಲಿಗೆ ಮುಗಿಯಿತು ಎಂಬುದು ಕಾಣದು. ಗೆರೆ ಎಳೆಯುವಾಗಲೇ ಅಣ್ಣ–ತಮ್ಮಂದಿರ, ನೆರೆಮನೆಯವರ ಎಷ್ಟೋ ಹಳೆಯ ವ್ಯಾಜ್ಯಗಳು ಹೊರಬರುತ್ತವೆ. ಕೆಲವು ಅಲ್ಲೇ ತೀರುತ್ತವೆ, ಕೆಲವು ಆಕ್ಷೇಪಣೆಯಾಗಿ ದಾಖಲಾಗುತ್ತವೆ. ಆಕ್ಷೇಪಣೆಗೆ ಅವಕಾಶ ಕೊಟ್ಟ ಮೇಲೆಯೇ ಪತ್ರ. ಇಲ್ಲಿ ಹಾರಾಟ ಕೆಲವು ನಿಮಿಷದ್ದು. ಅದರ ಮುಂಚಿನ ಮತ್ತು ನಂತರದ ಕೆಲಸ ವಾರಗಟ್ಟಲೆಯದು. ಅಳತೆಯ ಡ್ರೋನಿಗೆ ಬೇಕೆನಿಸಿದ ಈ ಪೂರ್ವಸಿದ್ಧತೆ ಔಷಧಿಯ ಡ್ರೋನಿಗೆ ಮಾತ್ರ ಯಾಕೆ ಬೇಡವಾಯಿತು?

ಹೊಣೆ ಯಾರದು ಎಂಬುದು ಮುಂದಿನ ಪ್ರಶ್ನೆ. ನಮೋ ಡ್ರೋನ್ ದೀದಿ ಯೋಜನೆಯಡಿ ದೇಶದ ಸುಮಾರು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಲು 2023ರ ನವೆಂಬರಿನಲ್ಲಿ 1,261 ಕೋಟಿ ರೂಪಾಯಿಗೆ ಒಪ್ಪಿಗೆಯಾಯಿತು. ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ, ಸಹಾಯಧನ. ಹದಿನೈದು ದಿನದ ತರಬೇತಿ. ಐದು ದಿನ ಹಾರಿಸುವುದಕ್ಕೆ, ಹತ್ತು ದಿನ ಔಷಧಿ–ಗೊಬ್ಬರದ ಬಳಕೆಗೆ. ಹೆಣ್ಣುಮಗಳೊಬ್ಬಳು ರಿಮೋಟ್ ಹಿಡಿದು ಬದುವಿನ ಮೇಲೆ ನಿಂತಾಗ ಊರಿನ ಗಂಡಸರು ಅವಳನ್ನು ನೋಡುವ ನೋಟ ಬದಲಾಗುತ್ತದೆ. ಅದನ್ನು ನಾನು ಸಣ್ಣದೆನ್ನುವುದಿಲ್ಲ. ಆದರೆ ಅದೇ ಯಂತ್ರ ನಾಳೆ ಬೀಜ ಎರಚುತ್ತದೆ, ಕಳೆನಾಶಕ ಹೊಡೆಯುತ್ತದೆ. ನಾಟಿ ಮತ್ತು ಕಳೆ ಈ ಸೀಮೆಯಲ್ಲಿ ಹೆಣ್ಣಾಳುಗಳ ಕೂಲಿ. ಒಂದು ಸಂಘಕ್ಕೆ ಬಂದ ಆದಾಯ ಎಷ್ಟು ಹೆಣ್ಣಾಳುಗಳ ಕೂಲಿಯಿಂದ ಬಂತು ಎಂದು ಕೂಡ ಕೇಳಬೇಕು. ಇನ್ನು, ಪಕ್ಕದ ರೇಷ್ಮೆ ಸಾಕುವವನ ಹುಳು ಸತ್ತರೆ ಆತ ಜಗಳಕ್ಕೆ ಹೋಗುವುದು ಯಾರ ಮನೆಗೆ? ಸಹಾಯಧನ ಕೊಟ್ಟ ಸರ್ಕಾರದ ಬಳಿಗಲ್ಲ, ಯಂತ್ರ ತಯಾರಿಸಿದವನ ಬಳಿಗಲ್ಲ, ಆ ಹೆಣ್ಣುಮಗಳ ಬಳಿಗೆ. ಕಡ್ಡಾಯ ವಿಮೆ ಇದೆಯಲ್ಲ ಎನ್ನಬಹುದು. ಡ್ರೋನ್ ಕೆಳಗೆ ಬಿದ್ದು ಒಬ್ಬನ ತಲೆ ಒಡೆದರೆ ವಿಮೆಯ ಲೆಕ್ಕ ಸುಲಭ. ಗಾಳಿಯಲ್ಲಿ ಹೋದ ಔಷಧಿ ಯಾರದೆಂದು ಸಾಬೀತು ಮಾಡುವುದು ಹೇಗೆ?

ವಿಚಿತ್ರವೆಂದರೆ ಇದಕ್ಕೆ ಉತ್ತರ ಡ್ರೋನಿನೊಳಗೇ ಇದೆ. ಯಾವ ಹೊತ್ತಿಗೆ ಎದ್ದಿತು, ಯಾವ ಸಾಲಿನಲ್ಲಿ ಹೋಯಿತು, ಎಷ್ಟು ಎತ್ತರದಲ್ಲಿತ್ತು ಎಂಬುದನ್ನೆಲ್ಲ ಜಿಪಿಎಸ್ ಸಮೇತ ಅದು ತಾನೇ ಬರೆದಿಡುತ್ತದೆ. ಬೆನ್ನಿನ ಪಂಪು ಎಂದೂ ಕೊಡದಿದ್ದ ದಾಖಲೆ ಇದು. ಆ ದಾಖಲೆಯ ಒಂದು ಪ್ರತಿ, ಜೊತೆಗೆ ಬಳಸಿದ ಔಷಧಿಯ ಹೆಸರು, ಅದೇ ದಿನ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು ಎಂದು ಮಾಡಿದರೆ ಅರ್ಧ ವ್ಯಾಜ್ಯ ಹುಟ್ಟುವ ಮೊದಲೇ ಮುಗಿಯುತ್ತದೆ. ಪ್ರಾಮಾಣಿಕ ಪೈಲಟ್‌ಗೂ ಅದೇ ರಕ್ಷಣೆ. ಹಿಪ್ಪುನೇರಳೆ, ಜೇನುಪೆಟ್ಟಿಗೆ, ಸಾವಯವ ಹೊಲ ಇರುವವರು ತಮ್ಮ ಸರ್ವೆ ನಂಬರನ್ನು ಪಂಚಾಯಿತಿಯಲ್ಲಿ ಮೊದಲೇ ಬರೆಸಿಟ್ಟರೆ, ಡ್ರೋನಿನ ನಕ್ಷೆಯಲ್ಲಿ ಅದರ ಸುತ್ತ ಬಿಡಬೇಕಾದ ಅಂತರವನ್ನು ಗುರುತಿಸುವುದು ಐದು ನಿಮಿಷದ ಕೆಲಸ.

ಡಂಗುರಕ್ಕೂ ದಾರಿಯಿದೆ. ಹಲಗೆ ಬಡಿಯುವವರು ಎಲ್ಲ ಊರುಗಳಲ್ಲೂ ಉಳಿದಿಲ್ಲ. ಆದರೆ ಗ್ರಾಮ ಪಂಚಾಯಿತಿಯ ಕಸದ ಗಾಡಿಗೆ ಮೈಕ್ ಇದೆ, ಬೆಳಿಗ್ಗೆ ಓಣಿ ಓಣಿ ಸುತ್ತುತ್ತದೆ, ಎಷ್ಟೋ ಕಡೆ ಅದನ್ನು ಓಡಿಸುವವಳೂ ಸ್ವಸಹಾಯ ಸಂಘದ ಹೆಣ್ಣುಮಗಳೇ. ನಾಳೆಯ ಡ್ರೋನಿನ ಸರ್ವೆ ನಂಬರು, ಹೊತ್ತು, ಔಷಧಿ ಇವನ್ನು ಇವತ್ತು ಕೂಗಿ ಹೇಳಲು ಇದಕ್ಕಿಂತ ಸಲಕರಣೆ ಬೇಕಿಲ್ಲ. ಹುಳ 24 ಗಂಟೆ ಕಾಯುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಆದರೆ ಸುಗ್ಗಿಗೆ ಮುಂಚಿನ ವಾರಗಳಲ್ಲಿ ಡ್ರೋನಿನವನು ಸಿಗುವುದೇ ಎರಡು ದಿನ ಮೊದಲು ಹೇಳಿದರೆ. ಬುಕ್ ಮಾಡಿದ ಹೊತ್ತಿಗೇ ಪಂಚಾಯಿತಿಗೆ ಒಂದು ಫೋನ್ ಹೋದರೆ ಮುಗಿಯಿತು. ಖರ್ಚಿನ ಮಾತೂ ಬರುತ್ತದೆ. ಬಾಡಿಗೆಯ ಮೇಲೆ ಎಕರೆಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾಗಬಹುದು. ಒಂದು ಡ್ರೋನಿಗೆ 8 ಲಕ್ಷದವರೆಗೆ ಸಹಾಯಧನ ಕೊಡುವ ಸರ್ಕಾರ ಆ ಹತ್ತಿಪ್ಪತ್ತನ್ನೂ ತಾನೇ ಭರಿಸಿ, ಹಾರಾಟದ ದಾಖಲೆ ಮತ್ತು ಡಂಗುರದ ರಸೀದಿ ಇಲ್ಲದ ಡ್ರೋನಿಗೆ ಮುಂದಿನ ಕಂತಿನ ಸಹಾಯಧನ ಇಲ್ಲವೆಂದು ಒಂದು ಸಾಲಿನ ಆದೇಶ ಹೊರಡಿಸಬಹುದು. ಮುಂಗಾರಿಗೆ ಕಾಲುವೆಗೆ ನೀರು ಬಿಡುವ ದಿನ ನಿಗದಿ ಮಾಡಲು ತುಂಗಭದ್ರಾ ನೀರಾವರಿ ಸಲಹಾ ಸಮಿತಿ ಹೇಗೂ ಪ್ರತಿ ವರ್ಷ ಸಭೆ ಸೇರುತ್ತದೆ. ಶಾಸಕರು, ಅಧಿಕಾರಿಗಳು ಅಲ್ಲಿರುತ್ತಾರೆ. ಈ ಆದೇಶವನ್ನು ಆ ಸಭೆಯಲ್ಲೇ ಕೇಳಬಹುದು.